ಕರಿಬೇವಿನ ಗಿಡದ ಎರಡು ವೇಷ: ಒಂದು ಪ್ರಕರಣ ಅಧ್ಯಯನ

ಕಳೆದ ಸೆಪ್ಟೆಂಬರಿನಲ್ಲಿ ಒಬ್ಬ ಹುಡುಗಿಯ ಸರಿಯಾದ ಉತ್ತರಕ್ಕೆ ನಾನು ಕೆಂಪು ಇಂಕಿನಲ್ಲಿ ತಪ್ಪು ಹಾಕಿದೆ. ಈ ಬರಹ ಶುರುವಾದದ್ದು ಅಲ್ಲಿಂದ.

ಮೂಡಿಗೆರೆ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಮಳೆ ಸ್ವಲ್ಪ ಹೊಳವಾದರೆ ಸಾಕು, ಇಲ್ಲಿ ಬೇಲಿ ಸಾಲಿನ ತುಂಬಾ ಚಿಟ್ಟೆ. ಎಂಟನೇ ಕ್ಲಾಸಿಗೆ ಒಂದು ಕೆಲಸ ಕೊಟ್ಟಿದ್ದೆ. ಮನೆ ಸುತ್ತ ಕಂಡ ಚಿಟ್ಟೆಗಳ ಫೋಟೋ ತೆಗೆಯಿರಿ, ಒಂದೇ ಥರ ಇರುವವನ್ನು ಒಂದು ಗುಂಪು ಮಾಡಿ, ಯಾಕೆ ಆ ಗುಂಪು ಅಂತ ಎರಡು ಸಾಲು ಬರೆಯಿರಿ. ಅಪ್ಪ ಅಮ್ಮನ ಫೋನಿನಲ್ಲಿ ತೆಗೆದು, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಮಕ್ಕಳು ಒಂದು ರಾಶಿ ತಂದರು. ಅರ್ಧಕ್ಕರ್ಧ ಮಸುಕು.

ಒಂದು ಗುಂಪು ಮಾತ್ರ ಎಲ್ಲರಿಗೂ ಸುಲಭವಾಗಿತ್ತು. ಕಪ್ಪು ರೆಕ್ಕೆ, ಹಿಂದಿನ ರೆಕ್ಕೆಗೆ ಪುಟ್ಟ ಬಾಲ, ನಡುವೆ ಬಿಳಿ ಮಚ್ಚೆ, ಅಂಚಿನಲ್ಲಿ ಸಾಲಾಗಿ ಕೆಂಪು ಚುಕ್ಕೆ. ಒಟ್ಟು ಒಂಬತ್ತು ಫೋಟೋ. ಎಲ್ಲದರ ಕೆಳಗೂ ‘ಕಾಮನ್ ರೋಸ್’ ಅಂತ ಬರೆದಿತ್ತು, ಒಂದನ್ನು ಬಿಟ್ಟು. ಆ ಒಂದರ ಕೆಳಗೆ ಹುಡುಗಿ ಬರೆದಿದ್ದಳು: ‘ಇದು ನಮ್ಮನೆ ಕರಿಬೇವಿನ ಹುಳ. ಕಪ್ಪು ಬಿಳಿ ಪಟ್ಟೆಯ ಚಿಟ್ಟೆ ಜೊತೆ ಸೇರಬೇಕು. ಒಂದೇ ಚಿಟ್ಟೆ, ಎರಡು ವೇಷ.’

ನಾನು ಪಕ್ಕದಲ್ಲಿ ಬರೆದೆ: ‘ಬೇರೆ ಜಾತಿ. ಹುಳ ಬೆರೆತಿರಬೇಕು.’

ಮಧ್ಯಾಹ್ನ ಊಟದ ಹೊತ್ತಿಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು.

‘ಸಾರ್, ಹುಳ ಬೆರೆತಿಲ್ಲ.’

‘ಅದು ಹೇಗೆ ಗೊತ್ತು ನಿನಗೆ?’

‘ನಾನೇ ಸಾಕಿದ್ದು ಸಾರ್. ಮೊಟ್ಟೆಯಿಂದ. ಏಳೂ ಒಂದೇ ಗಿಡದ್ದು. ಬೇಕಾದ್ರೆ ನಮ್ಮಜ್ಜೀನ ಕೇಳಿ.’

ಅಜ್ಜಿಯನ್ನು ಕೇಳುವ ಅಗತ್ಯ ಬರಲಿಲ್ಲ. ಅವಳ ಹತ್ತಿರ ಒಂದು ಹಳೇ ಕ್ಯಾಲೆಂಡರ್ ಹಾಳೆ ಇತ್ತು. ದಿನಾ ಏನಾಯಿತು ಅಂತ ಆಯಾ ತಾರೀಖಿನ ಚೌಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದಳು. ನನ್ನ ಬಿಎಸ್ಸಿ ಪ್ರಾಕ್ಟಿಕಲ್ ರೆಕಾರ್ಡಿಗಿಂತ ಅದು ಚೆನ್ನಾಗಿತ್ತು.

ಡಬ್ಬದಲ್ಲಿ ನಡೆದದ್ದು

ಬೂಟಿನ ಡಬ್ಬ, ಮೇಲೆ ಸೊಳ್ಳೆಪರದೆಯ ತುಂಡು, ಒಳಗೆ ಕರಿಬೇವಿನ ಕಡ್ಡಿ. ಏಳು ಮೊಟ್ಟೆ, ತಿಳಿ ಹಳದಿ, ಎಲೆಗೊಂದೊಂದು. ಮರಿ ಹೊರಬಂದ ಮೇಲೆ ಎರಡು ವಾರ ಅವಳ ಹಾಳೆಯಲ್ಲಿ ಒಂದೇ ಮಾತು: ‘ಹಕ್ಕಿ ಹಿಕ್ಕೆ ಥರ ಇದೆ.’ ನಿಜಕ್ಕೂ ಹಾಗೇ ಇರುತ್ತದೆ. ಕಂದು ಮೈ, ನಡುವೆ ಬಿಳಿ ಸವರಿದ ಹಾಗೆ, ಒದ್ದೆ ಹೊಳಪು. ಆಮೇಲೆ ಒಂದು ದಿನ ಚರ್ಮ ಕಳಚಿ, ಐದನೇ ಹಂತಕ್ಕೆ ಬಂದಾಗ, ಪೂರ್ತಿ ಹಸಿರು. ಎದೆಯ ಮೇಲೆ ಎರಡು ಕಣ್ಣಿನಂಥ ಗುರುತು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಬರುತ್ತದೆ, ಜೊತೆಗೆ ಒಂದು ಕಟು ವಾಸನೆ. ‘ಹಾವಿನ ಮರಿ ಥರ’ ಅಂತ ಬರೆದು, ‘ತಮ್ಮ ಹೆದರಿದ’ ಅಂತ ಸೇರಿಸಿದ್ದಳು.

ಏಳರಲ್ಲಿ ಐದು ಚಿಟ್ಟೆಯಾದವು. ಒಂದು ಕೋಶ ಒಣಗಿಹೋಯಿತು. ಇನ್ನೊಂದರಿಂದ ಚಿಟ್ಟೆಯ ಬದಲು ಸಣ್ಣ ಕಣಜಗಳು ಬಂದವು. ಐದರಲ್ಲಿ ಮೂರಕ್ಕೆ ಕಪ್ಪು ರೆಕ್ಕೆಯ ಮೇಲೆ ಬಿಳಿ ಪಟ್ಟೆ ಅಷ್ಟೇ. ಎರಡಕ್ಕೆ ಬಿಳಿ ಮಚ್ಚೆ, ಕೆಂಪು ಚುಕ್ಕೆ. ಮೂರನ್ನೂ ಎರಡನ್ನೂ ಅದೇ ದಿನ ಹಾರಿಬಿಟ್ಟಳು. ಹಾಗಾಗಿ ಒಂದು ವಿಷಯ ಈ ಪ್ರಕರಣದಲ್ಲಿ ಬಾಕಿ ಉಳಿದಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಇದು ಕಾಮನ್ ಮಾರ್ಮನ್ ಅನ್ನುವ ಚಿಟ್ಟೆ. ಗಂಡುಗಳೆಲ್ಲ ಕಪ್ಪು ಬಿಳಿ. ಹೆಣ್ಣಿನಲ್ಲಿ ಮೂರು ರೂಪ. ಒಂದು ಗಂಡಿನ ಹಾಗೇ. ಇನ್ನೊಂದು ಕಾಮನ್ ರೋಸ್ ಚಿಟ್ಟೆಯ ಹಾಗೆ. ಮೂರನೆಯದು ಕ್ರಿಮ್ಸನ್ ರೋಸ್ ಹಾಗೆ. ಮಾರ್ಮನ್ ಅನ್ನುವ ಹೆಸರೂ ಅದಕ್ಕೇ ಬಂದದ್ದು. ಒಬ್ಬ ಗಂಡನಿಗೆ ಹಲವು ಹೆಂಡತಿಯರು ಅಂತ ಅಮೆರಿಕದ ಒಂದು ಪಂಥದ ಮೇಲೆ ಇಂಗ್ಲಿಷರು ಮಾಡಿದ ತಮಾಷೆ. ರೋಸ್ ಚಿಟ್ಟೆಗಳ ಮರಿ ತಿನ್ನುವುದು ಈಶ್ವರಿ ಬಳ್ಳಿಯನ್ನು. ಹಾವು ಕಚ್ಚಿದರೆ ಮದ್ದು ಅಂತ ಹಿಂದೆ ಊರಲ್ಲಿ ಬಳಸುತ್ತಿದ್ದ ಬಳ್ಳಿ ಅದು. ಅದರ ವಿಷವನ್ನು ಮರಿ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ, ಚಿಟ್ಟೆಯಾದ ಮೇಲೂ ಅದು ಇರುತ್ತದೆ. ಒಮ್ಮೆ ತಿಂದು ನೋಡಿದ ಹಕ್ಕಿ ಮತ್ತೆ ಆ ಕೆಂಪು ಚುಕ್ಕೆಯ ಸುದ್ದಿಗೆ ಹೋಗುವುದಿಲ್ಲ. ಮಾರ್ಮನ್ ಹೆಣ್ಣಿಗೆ ವಿಷ ಇಲ್ಲ, ಚುಕ್ಕೆ ಮಾತ್ರ ಇದೆ.

ಇದೆಲ್ಲ ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. 1862ರಲ್ಲಿ ಹೆನ್ರಿ ಬೇಟ್ಸ್ ಅಮೆಜಾನ್ ಕಾಡಿನ ಚಿಟ್ಟೆಗಳ ಅನುಕರಣೆಯ ಬಗ್ಗೆ ಬರೆದದ್ದು, 1865ರಲ್ಲಿ ಇಂಗ್ಲೆಂಡಿನ ನಿಸರ್ಗತಜ್ಞ ವಾಲೇಸ್ ಈ ಮೂರು ಹೆಣ್ಣುಗಳೂ ಒಂದೇ ಜಾತಿ ಅಂತ ತೋರಿಸಿದ್ದು, ಎಲ್ಲಾ ಬಾಯಿಪಾಠ ಇತ್ತು. ಕಣ್ಣೆದುರು ಫೋಟೋ ಬಂದಾಗ ಮಾತ್ರ ಹೊಳೆಯಲಿಲ್ಲ. ಒಂದು ಸಮಾಧಾನ ಅಂದರೆ, ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನ್ನೇಯಸ್‌ಗೂ ಹೀಗೇ ಆಗಿತ್ತು. 1758ರ ತನ್ನ ಪುಸ್ತಕದಲ್ಲಿ ಆತ ಇದೇ ಚಿಟ್ಟೆಗೆ ಎರಡು ಹೆಸರು ಕೊಟ್ಟಿದ್ದಾನೆ. ಒಂದು ವೇಷಕ್ಕೆ ಪಾಲಿಟೆಸ್, ಇನ್ನೊಂದಕ್ಕೆ ಪ್ಯಾಮನ್. ಆತನ ಹತ್ತಿರ ಪಿನ್ನು ಚುಚ್ಚಿದ ಚಿಟ್ಟೆಗಳಿದ್ದವು, ಕರಿಬೇವಿನ ಗಿಡ ಇರಲಿಲ್ಲ.

ನಮ್ಮ ಕಡೆ ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ರಂಗಸ್ಥಳದ ಮುಂದೆ ಕೂತವನಿಗೆ ಕಿರೀಟ, ಮುಖದ ಬಣ್ಣ ನೋಡಿದ ಕೂಡಲೇ ಗೊತ್ತಾಗುತ್ತದೆ, ಇದು ರಾಜವೇಷ, ಇದು ಬಣ್ಣದ ವೇಷ ಅಂತ. ಚೌಕಿಯಲ್ಲಿ, ಅಂದರೆ ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲಿ, ಕೂತವನಿಗೆ ಗೊತ್ತಾಗುವುದೇ ಬೇರೆ. ಯಾರು ಯಾರಾದರು ಅನ್ನುವುದು. ಹುಡುಗಿ ಚೌಕಿಯಲ್ಲಿ ಕೂತು ನೋಡಿದ್ದಳು. ನಾನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ತೀರ್ಪು ಕೊಟ್ಟಿದ್ದೆ.

ಯಾರ ಕಣ್ಣಿಗೆ?

ತಪ್ಪು ತಿದ್ದಿ ಮುಗಿಸಬಹುದಿತ್ತು. ಆದರೆ ಅವಳ ‘ವೇಷ’ ಅನ್ನುವ ಮಾತು ತಲೆಯಲ್ಲಿ ಉಳಿಯಿತು. ವೇಷ ಅಂದ ಮೇಲೆ ನೋಡುವವರು ಬೇಕಲ್ಲವಾ?

ಪ್ರಾಣಿಗಳ ಆಕಾರವನ್ನು ಈ ಕಡೆಯಿಂದ ನೋಡುವ ಒಂದು ವಿದ್ಯೆ ಇದೆ. ಬಯೋಸೆಮಿಯೋಟಿಕ್ಸ್ ಅನ್ನುತ್ತಾರೆ, ಜೀವಸಂಕೇತ ವಿಜ್ಞಾನ ಅಂದುಕೊಳ್ಳೋಣ. ಹೆಸರು ಭಾರ, ಮೂಲದ ಮಾತು ಹಗುರ. ಒಂದು ಗುರುತು ತಾನಾಗಿಯೇ ಗುರುತಲ್ಲ. ಗುರುತು ಬೇಕು, ಅದು ಸೂಚಿಸುವ ಸಂಗತಿ ಬೇಕು, ಅದನ್ನು ಓದಿ ಏನೋ ಒಂದು ಮಾಡುವ ಜೀವ ಬೇಕು. ಈ ಮೂರು ಮೂಲೆಯ ಲೆಕ್ಕ ಅಮೆರಿಕದ ಚಾರ್ಲ್ಸ್ ಪರ್ಸ್ ಅನ್ನುವವರದ್ದು. ಅದನ್ನು ಜೀವಿಗಳ ಲೋಕಕ್ಕೆ ತಂದವರಲ್ಲಿ ಥಾಮಸ್ ಸೆಬಿಯೋಕ್, ಡೆನ್ಮಾರ್ಕಿನ ಯೆಸ್ಪರ್ ಹಾಫ್‌ಮೇಯರ್, ಎಸ್ತೋನಿಯಾದ ಕಲೇವಿ ಕುಲ್ ಮುಖ್ಯರು.

ಇವರೆಲ್ಲರಿಗೂ ಹಿರಿಯ ಯಾಕೋಬ್ ಫಾನ್ ಯುಕ್ಸ್‌ಕುಲ್. 1864ರಲ್ಲಿ ಎಸ್ತೋನಿಯಾದಲ್ಲಿ ಹುಟ್ಟಿದವರು. ಪ್ರತಿ ಪ್ರಾಣಿಗೂ ಅದರದ್ದೇ ಒಂದು ಲೋಕ ಇರುತ್ತದೆ, ಅದಕ್ಕೆ ಅರ್ಥವಾಗುವ ಗುರುತುಗಳಷ್ಟೇ ಆ ಲೋಕದಲ್ಲಿ ಇರುತ್ತವೆ ಅಂದರು. ಅವರು ಕೊಟ್ಟ ಉದಾಹರಣೆ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಉಣುಗು. ಮಂಗನ ಕಾಯಿಲೆಯ ಹೆದರಿಕೆಯಲ್ಲಿ ನಾವು ಮೈಗೆ ಎಣ್ಣೆ ಹಚ್ಚಿಕೊಂಡು ಕಾಡಿಗೆ ಹೋಗುತ್ತೇವಲ್ಲ, ಅದೇ ಉಣುಗು. ಅದಕ್ಕೆ ಹಸು, ನಾಯಿ, ಮನುಷ್ಯ ಅಂತ ವ್ಯತ್ಯಾಸ ಇಲ್ಲ. ಚರ್ಮದಿಂದ ಬರುವ ಬ್ಯುಟಿರಿಕ್ ಆಮ್ಲದ ವಾಸನೆ ಸಿಕ್ಕರೆ ಎಲೆಯಿಂದ ಬೀಳು. ಬಿಸಿ ತಾಗಿದರೆ ಕೂದಲಿಲ್ಲದ ಜಾಗ ಹುಡುಕು. ಸಿಕ್ಕಿದರೆ ಕಚ್ಚು. ಮೂರು ಗುರುತು, ಮೂರು ಕೆಲಸ, ಮುಗಿಯಿತು ಅದರ ಲೋಕ.

ಈಗ ಕರಿಬೇವಿನ ಗಿಡಕ್ಕೆ ಬರೋಣ. ಹುಡುಗಿಯ ಕ್ಯಾಲೆಂಡರ್ ಹಾಳೆ ಮುಂದಿಟ್ಟುಕೊಂಡು ಕ್ಲಾಸಿನಲ್ಲಿ ಪ್ರತಿ ರೂಪಕ್ಕೂ ಒಂದೇ ಪ್ರಶ್ನೆ ಕೇಳಿದೆವು: ಇದು ಯಾರಿಗೆ?

ಹಿಕ್ಕೆಯ ವೇಷ ಹಕ್ಕಿಗೆ. ‘ಇಲ್ಲಿ ತಿನ್ನುವಂಥದ್ದು ಏನೂ ಇಲ್ಲ’ ಅನ್ನುವುದಕ್ಕೆ. ಹಸಿರು ಮೈ ಕೂಡ ಹಕ್ಕಿಗೇ, ಆದರೆ ಕೆಲಸ ಬೇರೆ. ಅದು ಕಾಣಿಸದಿರಲು. ಹುಳ ದೊಡ್ಡದಾದ ಮೇಲೆ ಹಿಕ್ಕೆಯ ವೇಷ ನಡೆಯುವುದಿಲ್ಲ, ಅಷ್ಟು ದೊಡ್ಡ ಹಿಕ್ಕೆಯನ್ನು ಯಾರು ನಂಬುತ್ತಾರೆ! ಕಣ್ಣಿನ ಗುರುತು ಹತ್ತಿರ ಬಂದೇಬಿಟ್ಟವರಿಗೆ. ಕೊಂಬಿನ ವಾಸನೆ ಕಣ್ಣಿಗಲ್ಲ, ಇರುವೆ ಜೇಡಗಳಿಗೆ. ಗಂಡಿನ ಬಿಳಿ ಪಟ್ಟೆ? ಬಹುಶಃ ತನ್ನ ಜಾತಿಯವರಿಗೆ. ಹೆಣ್ಣಿನ ಕೆಂಪು ಚುಕ್ಕೆ ಮತ್ತೆ ಹಕ್ಕಿಗೆ, ಅದೂ ರೋಸ್ ಚಿಟ್ಟೆಯನ್ನು ತಿಂದು ಪಾಠ ಕಲಿತ ಹಕ್ಕಿಗೆ. ಪಾಠ ಕಲಿಯದ ಹಕ್ಕಿಗೆ ಆ ಚುಕ್ಕೆ ಬರೀ ಬಣ್ಣ.

ಒಬ್ಬ ಹುಡುಗ ಇಲ್ಲಿ ಒಂದು ವಿಷಯ ಹಿಡಿದ. ರೋಸ್ ಚಿಟ್ಟೆಯ ಹೊಟ್ಟೆ, ತಲೆ ಕೆಂಪಗಿವೆ. ಹುಡುಗಿಯ ಫೋಟೋದಲ್ಲಿ ಮೈ ಪೂರ್ತಿ ಕಪ್ಪು. ರೆಕ್ಕೆಯನ್ನು ಅಷ್ಟು ಚೆನ್ನಾಗಿ ನಕಲು ಮಾಡಿದ್ದು ಮೈಯನ್ನು ಯಾಕೆ ಬಿಟ್ಟಿತು ಅಂತ ಕೇಳಿದ. ಇದೇ ಈ ಎರಡನ್ನು ಬೇರೆ ಮಾಡಲು ಪುಸ್ತಕಗಳು ಹೇಳುವ ಸುಲಭ ಗುರುತು, ನಾನು ನೋಡದೇ ಬಿಟ್ಟದ್ದು. ನನ್ನ ಉತ್ತರ ಹೀಗಿತ್ತು. ನಕಲು ಓದುಗ ಎಲ್ಲಿಯವರೆಗೆ ಓದುತ್ತಾನೋ ಅಲ್ಲಿಯವರೆಗೆ ಮಾತ್ರ. ಸಿಲ್ವರ್ ಓಕ್ ಮೇಲೆ ಕೂತ ಕಾಜಾಣಕ್ಕೆ ದೂರದಿಂದ ಕಾಣುವುದು ಬಡಿಯುವ ರೆಕ್ಕೆ. ಅಷ್ಟಕ್ಕೇ ಅದು ಬಿಟ್ಟುಬಿಟ್ಟರೆ ಮೈ ಬಣ್ಣ ಬದಲಾಗಲು ಒತ್ತಾಯ ಎಲ್ಲಿಂದ ಬರಬೇಕು? ಇದು ನನ್ನ ಊಹೆ, ಹಾಗಂತಲೇ ಮಕ್ಕಳಿಗೂ ಹೇಳಿದೆ.

ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಅಡಾಲ್ಫ್ ಪೋರ್ಟ್‌ಮನ್ ಅನ್ನುವ ಪ್ರಾಣಿಶಾಸ್ತ್ರಜ್ಞರಿದ್ದರು. 1948ರಲ್ಲಿ ಪ್ರಾಣಿಗಳ ಆಕಾರದ ಬಗ್ಗೆಯೇ ಒಂದು ಪುಸ್ತಕ ಬರೆದರು. ಅವರ ಒಂದು ಮಾತು ಮಕ್ಕಳಿಗೆ ಬಹಳ ಹಿಡಿಸಿತು. ಪ್ರಾಣಿಯ ಹೊರಮೈ ನೋಡಿ, ಎಡಬಲ ಅಳತೆ ತಪ್ಪದ ಚಿತ್ತಾರ. ಒಳಗೆ ನೋಡಿ, ಹೃದಯ ಒಂದು ಕಡೆ, ಯಕೃತ್ತು ಇನ್ನೊಂದು ಕಡೆ, ಕರುಳು ಜಾಗ ಸಿಕ್ಕಲ್ಲಿ ಸುತ್ತಿಕೊಂಡಿದೆ. ಹಬ್ಬದ ದಿನ ಜಗಲಿ ಸಾರಿಸಿ ರಂಗೋಲಿ ಹಾಕಿ, ಬೇಡದ್ದನ್ನೆಲ್ಲ ಒಳಗಿನ ಕೋಣೆಗೆ ತಳ್ಳಿದ ಹಾಗೆ. ಹೊರಮೈ ಕಾಣಿಸಿಕೊಳ್ಳುವುದಕ್ಕೆಂದೇ ಇರುವ ಅಂಗ ಅನ್ನುವುದು ಪೋರ್ಟ್‌ಮನ್ ವಾದ. ಎಲ್ಲ ಚಿತ್ತಾರಕ್ಕೂ ಉಪಯೋಗ ಹುಡುಕಬೇಡಿ, ಪ್ರಾಣಿ ತನ್ನನ್ನು ತಾನು ತೋರಿಸಿಕೊಳ್ಳುತ್ತದೆ ಅಂತಲೂ ಅವರು ಹೇಳಿದರು. ಇಲ್ಲಿ ನಾನು ಅವರ ಜೊತೆ ಪೂರ್ತಿ ಹೋಗಲಾರೆ. ನೋಡುವವರೇ ಇಲ್ಲದ ತೋರಿಕೆ ಅಂದರೆ ನನಗೆ ತಲೆಗೆ ಹತ್ತುವುದಿಲ್ಲ. ಅವರ ವಿಚಾರವನ್ನು ಮುಂದುವರಿಸಿದ ಪ್ರಾಗ್‌ನ ಕಾರೆಲ್ ಕ್ಲೈಸ್ನರ್ ಹೆಚ್ಚು ಹತ್ತಿರ ಅನಿಸುತ್ತಾರೆ. ಬೇರೆ ಜೀವಿ ಓದುವುದರಿಂದಲೇ ಅರ್ಥ ಪಡೆಯುವ ಇಂಥ ಗುರುತುಗಳನ್ನು ಅವರು ಅರ್ಥದ ಅಂಗಗಳು ಅನ್ನುತ್ತಾರೆ.

ಬೇಲಿ ಹಾಕುವ ಗುರುತು, ಬೇಲಿ ಹಾರುವ ಗುರುತು

ನಮ್ಮ ಪ್ರಕರಣಕ್ಕೆ ಇದರಿಂದ ಏನು ಸಿಕ್ಕಿತು? ಗುಂಪು ಮಾಡುವ ವಿಧಾನ ಬದಲಾಯಿತು.

ಮಕ್ಕಳೂ ನಾನೂ ಎಲ್ಲ ಗುರುತನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದೆವು. ಕೆಂಪು ಚುಕ್ಕೆ ಎದ್ದು ಕಾಣುತ್ತದೆ, ಹಾಗಾಗಿ ಅದಕ್ಕೆ ಜಾಸ್ತಿ ತೂಕ. ಎದ್ದು ಕಾಣುವುದೇ ಅದರ ಕೆಲಸ ಅನ್ನುವುದು ಹೊಳೆಯಲಿಲ್ಲ. ಹಕ್ಕಿಗೆ ಹಾಕಿದ ಬಲೆಯಲ್ಲಿ ಮೇಷ್ಟ್ರು ಸಿಕ್ಕಿಬಿದ್ದ ಹಾಗಾಯಿತು.

ಶತ್ರುವಿನ ಕಣ್ಣಿಗೆ ಬರೆದ ಗುರುತು ಜಾತಿಯಿಂದ ಜಾತಿಗೆ ಹಾರುತ್ತದೆ. ಅದು ರಕ್ತಸಂಬಂಧವನ್ನು ಹೇಳುವುದಿಲ್ಲ, ಎರಡಕ್ಕೂ ಓದುಗ ಒಬ್ಬನೇ ಅಂತ ಹೇಳುತ್ತದೆ. ಮಾರ್ಮನ್ ಮತ್ತು ರೋಸ್ ಒಂದೇ ಕುಟುಂಬದ ಚಿಟ್ಟೆಗಳು ನಿಜ, ಆದರೆ ಆ ಕುಟುಂಬದೊಳಗೆ ದೂರದ ಕವಲುಗಳು. ರೆಕ್ಕೆಯ ಬಣ್ಣದಲ್ಲಿ ಒಂದಾದವು, ಮರಿಯಲ್ಲಿ ನೋಡಿದರೆ ಅಜಗಜಾಂತರ. ರೋಸ್ ಮರಿ ಅಡಗುವುದೇ ಇಲ್ಲ. ಕಪ್ಪುಗೆಂಪು ಮೈ, ಕೆಂಪು ಮುಳ್ಳಿನಂಥ ಗುಬುಟು, ನಡುವೆ ಬಿಳಿ ಪಟ್ಟಿ, ಈಶ್ವರಿ ಬಳ್ಳಿಯ ಮೇಲೆ ರಾಜಾರೋಷವಾಗಿ ಕೂತಿರುತ್ತದೆ. ತಲೆಹಿಂದಿನ ಕವಲು ಕೊಂಬು ಮಾತ್ರ ಎರಡಕ್ಕೂ ಇದೆ, ಇಡೀ ಕುಟುಂಬಕ್ಕೇ ಇದೆ. ಕುಟುಂಬ ಗುರುತಿಸಲು ಅದು ಒಳ್ಳೆಯ ಸಾಕ್ಷಿ.

ಹಾಗಾದರೆ ಕಣ್ಣಿಗೆ, ಕಿವಿಗೆ ಬೀಳುವ ಗುರುತೆಲ್ಲ ಮೋಸ, ವರ್ಗೀಕರಣಕ್ಕೆ ಒಳಗಿನ ಮೂಳೆ, ನರ, ಡಿಎನ್‌ಎ ಮಾತ್ರ ಸಾಕು ಅನ್ನಬಹುದಾ? ಸುಮ್ನೆ ಹಾಗಂದುಬಿಡಲು ಬರುವುದಿಲ್ಲ. ಅದಕ್ಕೆ ಉತ್ತರ ನಮ್ಮ ತಾಲ್ಲೂಕಿನಲ್ಲೇ ಇದೆ.

ಮಳೆಗಾಲದ ರಾತ್ರಿ ಕಾಫಿ ತೋಟದಲ್ಲಿ ಟಿಕ್ ಟಿಕ್ ಅನ್ನುವ ಪೊದೆಗಪ್ಪೆಗಳನ್ನು ಕೇಳಿರುತ್ತೀರಿ. ಹೆಬ್ಬೆರಳಿನ ಉಗುರಿನಷ್ಟೇ ಇರುವವೂ ಇವೆ. ಅವುಗಳಲ್ಲಿ ಹಲವು ಜಾತಿ ನೋಡಲು ಒಂದೇ ಥರ, ಒಂದೇ ಜಾತಿಯೊಳಗೆ ಬಣ್ಣ ಹತ್ತು ಥರ. ಕೂಗು ಮಾತ್ರ ಜಾತಿಗೊಂದು. ಇವು ಸೇರಿದ ಒಂದು ಕುಲಕ್ಕೆ 2010ರಲ್ಲಿ ರಾವೋರ್ಕೆಸ್ಟಿಸ್ ಅಂತ ಹೆಸರಿಟ್ಟರು. ಅದರಲ್ಲಿರುವ ‘ರಾವ್’ ನಮ್ಮ ಸಿ.ಆರ್. ನಾರಾಯಣರಾಯರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವರು. ಕೂಗು ಶತ್ರುವಿಗಲ್ಲ, ತನ್ನವರಿಗೆ. ಅದನ್ನು ತಪ್ಪಾಗಿ ಓದಿದರೆ ಸಂತಾನವೇ ಇಲ್ಲ. ಹಾಗಾಗಿ ಅದು ಜಾತಿಯ ಬೇಲಿಯ ಮೇಲೇ ನಿಂತಿರುತ್ತದೆ. ಜೀವಶಾಸ್ತ್ರಜ್ಞ ಹ್ಯೂ ಪ್ಯಾಟರ್ಸನ್ 1985ರಲ್ಲಿ ಜಾತಿ ಅಂದರೆ ಇದೇ ಅಂದರು: ಒಬ್ಬರನ್ನೊಬ್ಬರು ಜೋಡಿಯಾಗಿ ಗುರುತಿಸುವ ಒಂದು ವ್ಯವಸ್ಥೆಯನ್ನು ಹಂಚಿಕೊಂಡವರ ಗುಂಪು. ಗುರುತಿಸುವುದು ಅನ್ನುವ ಮಾತನ್ನು ಗಮನಿಸಿ. ಸಂಕೇತದವರಿಗೂ ವರ್ಗೀಕರಣದವರಿಗೂ ನೆಂಟಸ್ತನ ಅಲ್ಲಿ ಕುದುರುತ್ತದೆ.

ಇನ್ನೊಂದು ಕೊಟ್ಟಿಗೆಹಾರದ ಕಪ್ಪೆ. ನಾರಾಯಣರಾಯರೇ 1937ರಲ್ಲಿ ಅದಕ್ಕೆ ಊರಿನ ಹೆಸರಿಟ್ಟರು, ಕೊಟ್ಟಿಗೆಹಾರೆನ್ಸಿಸ್ ಅಂತ. ಚಾರ್ಮಾಡಿಗೆ ಹೋಗುವಾಗ ನೀರುದೋಸೆಗೆ ಬಸ್ ನಿಲ್ಲುವ ಊರಿನ ಹೆಸರು ಜಗತ್ತಿನ ಪ್ರಾಣಿಶಾಸ್ತ್ರದಲ್ಲಿದೆ ಅಂತ ಎಷ್ಟು ಜನಕ್ಕೆ ಗೊತ್ತು! ಹಳ್ಳದ ಬಂಡೆಯ ಮೇಲೆ ಕೂರುವ ಈ ಕಪ್ಪೆಯ ಗಂಡು ಕೂಗುತ್ತದೆ, ಜೊತೆಗೆ ಹಿಂಗಾಲನ್ನು ಚಾಚಿ ಬೆರಳ ನಡುವಿನ ಪೊರೆ ಬಿಡಿಸಿ ಬೀಸುತ್ತದೆ. ಮುಖ್ಯವಾಗಿ ಪಕ್ಕದ ಗಂಡಿಗೆ, ‘ಇದು ನನ್ನ ಜಾಗ’ ಅಂತ. ನೀರಿನ ಸದ್ದಿನಲ್ಲಿ ಬರೀ ಕೂಗು ಸಾಲದು. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಬೋರ್ನಿಯೋದ ಕಪ್ಪೆಗಳೂ ಹೀಗೇ ಕಾಲು ಬೀಸುತ್ತವೆ, ಬ್ರೆಜಿಲ್‌ನವೂ ಬೀಸುತ್ತವೆ, ಅವು ಬೇರೆ ಬೇರೆ ಕುಟುಂಬದವು. ಸದ್ದಿನ ಹಳ್ಳ ಎಲ್ಲಿದ್ದರೂ ಇದೇ ಉಪಾಯ ಮತ್ತೆ ಮತ್ತೆ ಹುಟ್ಟಿದೆ. ಬೀಸುವುದೊಂದನ್ನೇ ನೋಡಿ ಸಂಬಂಧ ಕಟ್ಟಿದರೆ ಮತ್ತೆ ನನ್ನ ಕೆಂಪು ಇಂಕಿನ ಕಥೆಯೇ.

ಅಂದರೆ ಗುರುತು ಯಾರಿಗೆ ಅನ್ನುವುದರ ಮೇಲೆ ಅದನ್ನು ಎಲ್ಲಿ ಬಳಸಬೇಕು ಅನ್ನುವುದು ನಿಂತಿದೆ. ತನ್ನವರಿಗೆ ಬರೆದದ್ದು ಎರಡು ಅಕ್ಕಪಕ್ಕದ ಜಾತಿಗಳನ್ನು ಬೇರೆ ಮಾಡಲು ಒಳ್ಳೆಯದು, ದೊಡ್ಡ ಮನೆತನ ಕಟ್ಟಲು ಅಲ್ಲ. ಶತ್ರುವಿನ ಕಣ್ಣಿಗೆ ಬರೆದದ್ದು ಯಾವ ಮಟ್ಟದಲ್ಲೂ ನೆಚ್ಚಲಾಗದು, ಆದರೆ ಆ ಜಾಗದಲ್ಲಿ ಯಾರು ಯಾರನ್ನು ನೋಡುತ್ತಾ ಬದುಕುತ್ತಿದ್ದಾರೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ವೇಷ ಬರುವುದು ಹೇಗೆ ಅನ್ನುವುದನ್ನು ಜೀನ್ ಕಡೆಯವರು ಬಿಡಿಸಿದ್ದಾರೆ. 1913ರಲ್ಲಿ ಫ್ರೈಯರ್ ಅನ್ನುವವರು ಸಿಲೋನಿನಲ್ಲಿ ಇದೇ ಚಿಟ್ಟೆಯನ್ನು ತಲೆಮಾರುಗಟ್ಟಲೆ ಸಾಕಿ, ಹೆಣ್ಣಿನ ರೂಪಗಳು, ಅಪ್ಪ ಅಮ್ಮನಿಂದ ಮಕ್ಕಳಿಗೆ ಗುಣ ಇಳಿಯುವ ಮೆಂಡಲ್ ಲೆಕ್ಕದಂತೆ ಬರುತ್ತವೆ ಅಂತ ತೋರಿಸಿದರು. 2014ರಲ್ಲಿ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಮತ್ತು ಜೊತೆಯವರು ಆ ಕೀಲಿ ಡಬಲ್‌ಸೆಕ್ಸ್ ಅನ್ನುವ ಒಂದೇ ಜೀನಿನಲ್ಲಿದೆ ಅಂತ ಕಂಡುಹಿಡಿದರು. ಗಂಡು ಹೆಣ್ಣಿನ ಮೈ ಬೇರೆ ಮಾಡುವ ಜೀನೇ ಅದು. ಗಂಡಿನಲ್ಲೂ ವೇಷದ ಪ್ರತಿ ಇರಬಹುದು, ಆದರೆ ತೊಡುವುದಿಲ್ಲ. ಡಬ್ಬದ ಅಣ್ಣತಮ್ಮಂದಿರು ಅಕ್ಕತಂಗಿಯರ ಸೀರೆಯನ್ನು ಪೆಟ್ಟಿಗೆಯಲ್ಲಿ ಹೊತ್ತು ತಿರುಗುತ್ತಿದ್ದರು ಅನ್ನಿ.

ಚಾರ್ಟ್ ಮತ್ತೆ ಬರೆದಾಗ

ಒಂಬತ್ತು ಫೋಟೋಗಳನ್ನು ಮತ್ತೆ ಹರಡಿ ಮೈ ಬಣ್ಣ ನೋಡಿದೆವು. ಐದು ರೋಸ್, ಮೂರು ಮಾರ್ಮನ್ ಹೆಣ್ಣು. ಒಂದು ಎಷ್ಟು ಮಸುಕಾಗಿದೆ ಅಂದರೆ ಹಕ್ಕಿಗೂ ತಿಳಿಯಲಿಕ್ಕಿಲ್ಲ, ಅದನ್ನು ಬದಿಗಿಟ್ಟೆವು. ಈಗ ಗೋಡೆಯ ಚಾರ್ಟಿನಲ್ಲಿ ಎರಡು ಥರದ ದಾರ ಇವೆ. ಹಸಿರು ದಾರ ಯಾರು ಯಾರ ಮಕ್ಕಳು ಅನ್ನುವುದಕ್ಕೆ. ಕೆಂಪು ದಾರ ಯಾರ ಹಾಗೆ ಕಾಣುತ್ತವೆ ಅನ್ನುವುದಕ್ಕೆ. ಕೆಂಪು ದಾರದ ಪ್ರತಿ ಗಂಟಿನಲ್ಲೂ ನೋಡುವವನ ಚಿತ್ರ ಇರಲೇಬೇಕು ಅಂತ ನಿಯಮ ಮಾಡಿದೆವು. ಮಕ್ಕಳು ಕಾಜಾಣ ಬರೆದು ಬರೆದು ಸುಸ್ತಾದರು.

ಬಾಕಿ ಉಳಿದದ್ದು ಏನು ಅಂದೆನಲ್ಲ, ಅದು ಇದು. ಬಿಳಿ ಪಟ್ಟೆಯ ಮೂರೂ ಗಂಡೇ ಆಗಿದ್ದವಾ, ಅಥವಾ ಅದರಲ್ಲಿ ಗಂಡಿನ ಹಾಗಿರುವ ಹೆಣ್ಣೂ ಇತ್ತಾ? ಹೊಟ್ಟೆಯ ತುದಿ ನೋಡಿದ್ದರೆ ತಿಳಿಯುತ್ತಿತ್ತು. ಫೋಟೋದಲ್ಲಿ ಅದು ಕಾಣುವುದಿಲ್ಲ. ಹಾರಿಬಿಟ್ಟದ್ದು ತಪ್ಪಾಯಿತಾ ಅಂತ ಹುಡುಗಿ ಕೇಳಿದಳು. ಇಲ್ಲ ಕಣಮ್ಮಾ ಅಂದೆ. ಅದಕ್ಕಿಂತ ಗಟ್ಟಿ ಪ್ರಶ್ನೆ ಅವಳೇ ಕೇಳಿದ್ದು: ‘ರೋಸ್ ವೇಷ ಹಾಕಿದ್ರೆ, ಮಾರ್ಮನ್ ಗಂಡಿಗೆ ಅದು ನಮ್ಮವಳೇ ಅಂತ ಹೇಗೆ ಗೊತ್ತಾಗುತ್ತೆ ಸಾರ್?’ ವಾಸನೆ ಇರಬಹುದು, ಹತ್ತಿರ ಬಂದು ಹಾರುವ ರೀತಿ ಇರಬಹುದು ಅಂದೆ. ಅವಳಿಗೆ ಅದು ಸಾಕಾಗಲಿಲ್ಲ. ನನಗೂ ಸಾಕಾಗಲಿಲ್ಲ.

ಈ ಸಲ ಅವಳ ಮನೆಯ ಗಿಡದಲ್ಲಿ ಹನ್ನೊಂದು ಮೊಟ್ಟೆ. ಇಡೀ ಗಿಡಕ್ಕೇ ಹಳೇ ಸೊಳ್ಳೆಪರದೆ ಕಟ್ಟಿದ್ದಾಳೆ. ಮೊನ್ನೆ ನೋಡಲು ಹೋದಾಗ ಅವಳ ಅಜ್ಜಿ ಕಾಫಿ ಕೊಟ್ಟು, ಗಿಡದ ಕಡೆ ಕೈ ತೋರಿಸಿ ಹೇಳಿದರು: ‘ಮೇಷ್ಟ್ರೇ, ಹುಳ ಸಾಕೋದೆಲ್ಲಾ ಸರಿ. ಒಗ್ಗರಣೆಗೆ ಒಂದು ಎಸಳು ಕಿತ್ಕೊಳೋಕೆ ಬಿಡ್ತಾಳಾ ಕೇಳಿ ನೋಡಿ.’